ಎತ್ತಿನ ಕೊರಳಿನ ಗಾಂಧಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಸೀರೆ ಗಂಟು ಕಟ್ಟಿಕೊಂಡು ರಾಯಬಾಗದ ತವರಿಗೆ ಹೊರಟು ನಿಂತದ್ದಕ್ಕೆ ಕಾರಣ ಅಣ್ಣನಲ್ಲ, ಸಾರಾಯಿಯೂ ಅಲ್ಲ, ನಾನು. ಸರಿಯಾಗಿ ಹೇಳಬೇಕೆಂದರೆ ನನ್ನ ಸಂಗೀತ. ರಾಗ ಹಾಡಿದರೆ ಮಳೆ ಬರುತ್ತದೆ, ದೀಪ ಹೊತ್ತುತ್ತದೆ ಎಂದೆಲ್ಲ ಕೇಳಿದ್ದೆ. ಮನೆಗೂ ಬೆಂಕಿ ಹೊತ್ತುತ್ತದೆ ಎಂದು ಯಾರೂ ಎಚ್ಚರಿಸಿರಲಿಲ್ಲ.

ಎಂಬತ್ತರ ದಶಕದ ಮಾತು. ಪ್ರತಿವರ್ಷ ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ನನ್ನದು ಮಿಮಿಕ್ರಿ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಊರಿನ ಒಬ್ಬೊಬ್ಬರ ದನಿ. ಆ ವರ್ಷ ಗೆಳೆಯರು, “ಮತ್ತ ಅದ ಕೆಮ್ಮೇನಲೇ?” ಎಂದರು. ಮಾನಕ್ಕೆ ತಾಗಿತು. ಮನೆಯ ಸಾಮಾನುಗಳಿಂದಲೇ ಒಂದು ವಾದ್ಯ ಕಟ್ಟಿ ಬಾರಿಸುತ್ತೇನೆಂದು ಸಾರಿಬಿಟ್ಟೆ. ಮುರುಕು ಹೊರಸು ಮಂಚದ ಚೌಕಟ್ಟನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಅದಕ್ಕೆ ನೇಗಿಲಿನ ಕುಳ, ಹಿತ್ತಾಳೆ ಚರಿಗೆ, ಸೈಕಲ್ ಗಂಟೆಯ ಟೊಪ್ಪಿಗೆ, ಪೈಪಿನ ತುಂಡುಗಳನ್ನು ತೂಗುಹಾಕಿದೆ. ಕುಳ ಬಡಿದರೆ ಷಡ್ಜ. ಪೈಪನ್ನು ಅರದಿಂದ ತಿಕ್ಕುತ್ತಾ ಹೋದರೆ ರಿಷಭ. ಚರಿಗೆಗೆ ನೀರು ಹೆಚ್ಚು ಕಡಿಮೆ ಮಾಡಿದರೆ ಮಧ್ಯಮ. ಗಾಂಧಾರ ಮಾತ್ರ ಎಲ್ಲೂ ಸಿಗಲಿಲ್ಲ. ರೊಟ್ಟಿ ಹಂಚು ಬಡಿದೆ, ಹಾರೆ ಬಡಿದೆ, ಅವ್ವ ನನ್ನನ್ನು ಬಡಿದಳು. ಒಂದು ಸಂಜೆ ಆ ಗಾಂಧಾರ ತಾನಾಗಿಯೇ ದಾರಿಯಲ್ಲಿ ನಡೆದುಕೊಂಡು ಹೋಯಿತು, ಅಪ್ಪಾಸಾಬನ ಎತ್ತಿನ ಕೊರಳ ಗಂಟೆಯಲ್ಲಿ!

ಅಪ್ಪಾಸಾಬ ನಮ್ಮ ಅಣ್ಣನ ಹಾಗೆಯೇ ಉಗಾರದ ಫ್ಯಾಕ್ಟರಿಗೆ ಚಕ್ಕಡಿಯಲ್ಲಿ ಕಬ್ಬು ಹೇರುವವನು. ಮರಳುವಾಗ ಹೊಳೆದಾರಿಯ ತಿರುವಿನ ಸಾರಾಯಿ ಅಂಗಡಿಯಲ್ಲಿ ಇಳಿದು, ಆಮೇಲೆ ತನ್ನ ತೋಟದ ಕಡೆ ಹೋಗುವವನು. ಒಂದು ಕಾಲಕ್ಕೆ ಅಣ್ಣನೂ ಅಲ್ಲಿ ಇಳಿಯುತ್ತಿದ್ದ. ವೈನಿಯ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟ. “ಇನ್ನೊಮ್ಮೆ ಆ ಅಂಗಡಿ ಮುಂದ ನಿಂತ್ರ ನಾ ಈ ಮನ್ಯಾಗ ನಿಲ್ಲೂದಿಲ್ಲ” ಎಂದು ವೈನಿಯೂ ಹೇಳಿದ್ದರು.

ಅಮಾವಾಸ್ಯೆಗೆ ನಮ್ಮಲ್ಲಿ ಎತ್ತಿಗೆ ಸೂಟಿ, ನೊಗ ಹೂಡುವುದಿಲ್ಲ. ಆ ದಿನ ಅಪ್ಪಾಸಾಬನ ಎತ್ತನ್ನೂ ನಾನೇ ಹೊಳೆಗೆ ಒಯ್ದು ಮೈ ತೊಳೆಸಿದೆ. “ಕಾಯ್ ರೇ ಬಾಳಾ, ಭಾಳ ಶಾಣ್ಯಾ ಆಗೀದಿ!” ಎಂದು ಅಪ್ಪಾಸಾಬ ತನ್ನ ಮರಾಠಿ ಬೆರಕೆಯಲ್ಲಿ ಹರಸಿದ. ಅವನ ಎತ್ತಿನ ಗಂಟೆ ಬಿಚ್ಚಿಕೊಂಡು, ಆ ಕೊರಳಿಗೆ ನಮ್ಮ ಎತ್ತಿನದನ್ನು ಕಟ್ಟಿದೆ. ಅಣ್ಣನಿಗೆ, “ನಮ್ಮ ಗಂಟಿ ಸೀಳಿತ್ತು, ನಿಪ್ಪಾಣಿಗೆ ರಿಪೇರಿಗೆ ಕೊಟ್ಟೇನಿ” ಎಂದೆ. ಅದಲುಬದಲಿನ ಗೋಜಿಲ್ಲದೆ ಅಪ್ಪಾಸಾಬನಿಗೇ ಆ ಸುಳ್ಳು ಹೇಳಬಹುದಿತ್ತು. ಆದರೆ ಕುಡಿದವರಿಗೆ ಸುಳ್ಳು ಹೇಳಬಾರದು. ಮರೆತುಬಿಟ್ಟು ದಿನಾ ಕೇಳುತ್ತಾರೆ, ನಿನ್ನೆ ಏನು ಹೇಳಿದ್ದೆವೆಂದು ನಮಗೇ ನೆನಪಿರುವುದಿಲ್ಲ.

ನಾನು ಮರೆತದ್ದು ವೈನಿಯ ಕಿವಿ. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ದಾರಿ ಕಾಯುವುದು ಕಣ್ಣಿನಿಂದಲ್ಲ. ತಮ್ಮ ಎತ್ತಿನ ಗಂಟೆ ದೂರದಲ್ಲಿ ಕೇಳಿತೋ, ಹಂಚಿನ ಮೇಲೆ ರೊಟ್ಟಿ ಬೀಳುತ್ತದೆ. ಅಮಾವಾಸ್ಯೆ ಕಳೆದ ಮೊದಲ ಸಂಜೆ ಗಂಟೆ ಕೇಳಿತು, ರೊಟ್ಟಿ ಬಿತ್ತು. ಗಂಟೆ ತಿರುವಿನಲ್ಲಿ ನಿಂತಿತು. ನಿಂತ ಎತ್ತು ತಲೆ ಕೊಡವಿದಾಗೊಮ್ಮೆ ಠಣ್, ಮತ್ತೆ ಠಣ್. ಇತ್ತ ರೊಟ್ಟಿ ಕರಿಕಾಯಿತು. ಬಹಳ ಹೊತ್ತಿನ ಮೇಲೆ ಅಣ್ಣ ಬಂದ. ಎತ್ತಿನ ಕೊರಳು ಬೋಳು, ಸಪ್ಪಳವೇ ಇಲ್ಲ.

“ಅಂಗಡಿ ಮುಂದ ನಿಂತಿದ್ರಿ. ಗೊತ್ತಾಗಬಾರದಂತ ಗಂಟಿ ಬಿಚ್ಚಿಟ್ಟು ಬಂದೀರಿ. ಹೌದಲ್ರಿ?”

“ಏ, ಗಂಟಿ ನಿಪ್ಪಾಣ್ಯಾಗ ರಿಪೇರಿಗೆ ಐತಿ!”

“ನಿಪ್ಪಾಣ್ಯಾಗಿನ ಗಂಟಿ ಹೊಳಿ ದಾರ್ಯಾಗ ಹೆಂಗ ಸಪ್ಪಳಾ ಮಾಡತೈತ್ರಿ?”

ಅಣ್ಣ ಬಾಯಿ ತೆರೆದು ಊದಿ ತೋರಿಸಿದ. ವಾಸನೆ ಇಲ್ಲ. ವೈನಿಗೆ ಸಂಶಯ ಇನ್ನೂ ಬಲಿಯಿತು: “ವಾಸನಿ ಬರಲಾರದ್ದು ಹೊಸಾದ ಬಂದಿರಬೇಕು.” ಮರುದಿನವೂ ಅದೇ ಗಂಟೆ, ಅದೇ ತಿರುವು, ಅದೇ ಬೋಳು ಕೊರಳು. ಮೂರನೆಯ ದಿನ ಬೆಳಿಗ್ಗೆ ಗಂಟು ಕಟ್ಟಿದರು.

ಆಗ ನಾನು ನಿಜ ಬಿಚ್ಚಿದೆ. ಅಪ್ಪಾಸಾಬ ಹೇಗೆ ಹರಸಿದ ಎಂಬುದನ್ನು ಅವನದೇ ದನಿಯಲ್ಲಿ ಹೇಳಿದ್ದು ತಪ್ಪಾಯಿತು.

“ಅಣ್ಣನ ಕಡಿಂದ ನಾಟಕಾ ಮಾಡಬ್ಯಾಡ, ತಮ್ಮಾ. ನಿನ್ನ ಬಾಯಾಗ ಅರ್ಧಾ ಊರ ಮಂದಿ ಅದಾರ. ನಾ ಯಾರ ಮಾತ ನಂಬ್ಲಿ?”

ಕೈಮುಗಿದು, ಸಂಜೆಯವರೆಗೆ ಕಾಯಿರೆಂದು ಬೇಡಿದೆ. ಅಣ್ಣ ಆ ದಿನ ಚಕ್ಕಡಿ ಹೂಡಲಿಲ್ಲ. ಕಟ್ಟೆಯ ಮೇಲೆ, ಪರೀಕ್ಷೆ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಕುಳಿತ. ವೈನಿ ಗಂಟಿನ ಮೇಲೆ ಕೈಯಿಟ್ಟು ಬಾಗಿಲಲ್ಲಿ. ಹೊತ್ತು ಇಳಿಯಿತು. ತಿರುವಿನಲ್ಲಿ ನಮ್ಮ ಗಂಟೆ ಬಂತು, ನಿಂತಿತು. ಠಣ್.

ವೈನಿ ಎದುರಿಗಿದ್ದ ಗಂಡನನ್ನು ನೋಡಿದರು, ಅಂಗಳದಲ್ಲಿ ಮೆಲುಕು ಹಾಕುತ್ತಿದ್ದ ಎತ್ತನ್ನು ನೋಡಿದರು.

ಅಣ್ಣ ಮೆಲ್ಲಗೆ, “ಆಣಿ ಮಾಡಿದಾಂವ ನಾನು. ಗಂಟಿ ಮಾಡಿರಲಿಲ್ಲ ನೋಡು” ಎಂದ.

ವೈನಿ ನಗಲಿಲ್ಲ, ಆದರೆ ಗಂಟು ಒಳಗೆ ಹೋಯಿತು. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕಲಾವಿದನಲ್ಲವೇ! “ವೈನಿ, ಗ್ಯಾದರಿಂಗ್ ಮುಗಿಯೂತನಾ ಅಪ್ಪಾಸಾಬನ ಗಂಟಿ ನನ್ನ ಹತ್ರ ಇರಲಿ. ಆ ಒಂದ ಸ್ವರಾ ಇಲ್ಲದಿದ್ರ ಇಡೀ ಬಾಜಾ ಹಾಳಾಗತೈತ್ರಿ” ಎಂದೆ.

ವೈನಿ ಹಂಚು ಒಲೆಯ ಮೇಲಿಡುತ್ತಾ, ತಿರುಗಿಯೂ ನೋಡದೆ ಹೇಳಿದರು:

“ಊರಾಗಿನವರದ್ದೆಲ್ಲಾ ದನಿ ಬಾಯಿಲೆ ತಗೀತೀಯಲ್ಲೋ ತಮ್ಮಾ, ಒಂದ ಗಂಟಿ ದನಿ ತಗ್ಯಾಕ ಏನಾಗಿತ್ತ ನಿನಗ?”