ತಾಟು ಮಗುಚಿ ನೋಡುವ ಕಾಕಾ

ನಮ್ಮ ಕಾಕಾನಿಂದ ನನಗೆ ಇದುವರೆಗೆ ಆದ ನಷ್ಟದಲ್ಲಿ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿತ್ತು. ಆತ ಕುಡಿದಿಲ್ಲ, ಇಸ್ಪೀಟಾಡಿಲ್ಲ, ಯಾರಿಗೂ ಟೋಪಿ ಹಾಕಿಲ್ಲ. ಬರೀ ಖರೇ ಹೇಳಿದ್ದಾನೆ! ವ್ಯಾಪಾರಸ್ಥರ ಮನೆಯಲ್ಲಿ ಇದಕ್ಕಿಂತ ದುಬಾರಿ ಚಟ ಇನ್ನೊಂದಿದೆಯೇ?

ನನ್ನದು ಬೆಳಗಾವಿಯಲ್ಲಿ ಹಳೆಯ ಸಾಮಾನಿನ ವ್ಯಾಪಾರ. ಅಪ್ಪನ ದುಡ್ಡಲ್ಲ, ಗಂಡನ ದುಡ್ಡಲ್ಲ. ಒಂದು ಮುರುಕು ಕುರ್ಚಿ ಕೊಂಡು, ರಿಪೇರಿ ಮಾಡಿಸಿ ಮಾರಿ, ಅಲ್ಲಿಂದ ಮೇಲೆ ಬಂದವಳು ನಾನು. ಕಾಕಾ ನನ್ನಪ್ಪನ ತಮ್ಮ. ಕ್ಯಾಂಪಿನ, ಅಂದರೆ ದಂಡಿನ ಪ್ರದೇಶದ, ಕ್ಲಬ್ಬೊಂದರಲ್ಲಿ ಊಟದ ಸಾಮಾನಿನ ಉಸ್ತುವಾರಿ ನೋಡುತ್ತಲೇ ನೌಕರಿ ಮುಗಿಸಿದವನು. ಜಪಾನಿನ ಹಳೆಯ ಪಿಂಗಾಣಿಯೆಂದರೆ ಅವನಿಗೆ ಪ್ರಾಣ. ತಾಟನ್ನು ಉಗುರಿನಿಂದ ತಟ್ಟಿ ಕಿವಿಗೊಡುತ್ತಾನೆ. ಬೆಳಕಿಗೆ ಹಿಡಿದು, ಹಿಂದಿನ ಬೆರಳಿನ ನೆರಳು ಕಾಣುತ್ತದೆಯೇ ಎಂದು ನೋಡುತ್ತಾನೆ. ಮಗುಚಿ, ಬೆನ್ನಿನ ಮುದ್ರೆ ಓದಿ, ಎರಡನೇ ಮಹಾಯುದ್ಧಕ್ಕೆ ಮೊದಲಿನದೋ ಆಮೇಲಿನದೋ ಹೇಳಿಬಿಡುತ್ತಾನೆ. ಪುಣೆ, ಗೋವಾದ ಸಂಗ್ರಾಹಕರು ಇವನು ಹೂಂ ಅನ್ನದೆ ಜೇಬಿಗೆ ಕೈಹಾಕುವುದಿಲ್ಲ. ಇಂಥವನು ಮನೆಯಲ್ಲೇ ಇದ್ದಾನಲ್ಲ ಎಂದು ಸಾಮಾನು ಕೊಳ್ಳಲು ಹೋಗುವಾಗ ಕರೆದೊಯ್ದೆ. ಕೆಟ್ಟೆ!

ಕ್ಯಾಂಪಿನ ಬಂಗಲೆಯೊಂದರಲ್ಲಿ ಟೀ ಸೆಟ್ಟಿಗೆ ಚೌಕಾಶಿ ನಡೆಸಿದ್ದೆ. "ಬಣ್ಣ ಮಾಸೇತ್ರಿ ಬಾಯಾರ, ಈಗ ಇಂಥಾವನ್ನ ಯಾರ ಕೇಳ್ತಾರ್ರಿ" ಎಂದು ಮುಖ ಸಣ್ಣ ಮಾಡಿ, ಆ ಯಜಮಾನಿಯನ್ನು ಅರ್ಧ ಬೆಲೆಗೆ ಇಳಿಸಿಯೂ ಆಗಿತ್ತು. ಅಷ್ಟರಲ್ಲಿ ಕಾಕಾ ಕಪ್ಪು ತಟ್ಟಿದ. ಟಿಣ್! ಅವನ ಮುಖ ಅರಳಿತು.

"ಬಾಯಾರ, ಈ ರೇಟಿಗೆ ಕೊಡಬ್ಯಾಡ್ರಿ! ಇಕಿ ನಿಮ್ಮನ್ನ ಮುಳುಗಸ್ತಾಳ!"

ಇಕಿ ಅಂದರೆ ಯಾರು? ನಾನು! ಸ್ವಂತ ಅಣ್ಣನ ಮಗಳು!

ಮಚ್ಛೆಯಲ್ಲಿ ಕಾರ್ಖಾನೆಯವರೊಬ್ಬರ ಮದುವೆಯ ಊಟ. ತಾಟಿನ ಅಂಚಿನ ಹೂವು ಕಂಡದ್ದೇ ತಡ, ಕಾಕಾನಿಗೆ ತಡೆಯಲಾಗಲಿಲ್ಲ, ಎತ್ತಿ ಮಗುಚಿಯೇಬಿಟ್ಟ. ಅದರಲ್ಲಿದ್ದ ಶ್ರೀಖಂಡವೆಲ್ಲ ಬಾಜು ಕುಳಿತ ಬೀಗಿತ್ತಿಯ ರೇಷ್ಮೆ ಸೀರೆಗೆ.

"ಉಣ್ಣೂದು ಮುಗಿಯೂತನಾ ತಡಿಯಾಕ ಆಗಲಿಲ್ಲೇನ ಕಾಕಾ?" ಎಂದು ಹಲ್ಲು ಕಡಿದೆ.

"ಮುಗದ ಮ್ಯಾಲ ತೊಳಿಯಾಕ ಒಯ್ತಾರ. ಆಮ್ಯಾಲ ಯಾರ ತೋರಸ್ತಾರ ನನಗ?" ಎಂದವನೇ ತಾಟಿನ ಬೆನ್ನು ನೋಡಿ ಮುಖ ಕಿವುಚಿದ. "ಥೂ, ಪ್ಲಾಸ್ಟಿಕ್!"

ಸೀರೆ ತೊಳೆಸಿಕೊಟ್ಟವಳು ನಾನು.

ಹೋದ ಚಳಿಗಾಲದಲ್ಲಿ ಪುಣೆಯ ಸಂಗ್ರಾಹಕರೊಬ್ಬರು ಬಂಗಾರದ ಅಂಚಿನ ಪೂರ್ತಿ ಡಿನ್ನರ್ ಸೆಟ್ ಬೇಕೆಂದರು. ಖಾನಾಪುರದ ಒಂದು ಜೈನರ ಮನೆಯಲ್ಲಿ ಅಂಥದ್ದಿದೆ ಎಂದು ಗೊತ್ತಾಯಿತು. ಬಸ್ಸಿನಲ್ಲೇ ತಾಕೀತು ಮಾಡಿದೆ: "ಕಾಕಾ, ಇವತ್ತ ಬಾಯಾಗ ಅಡಕಿ ಹಾಕ್ಕೊಂಡು ಸುಮ್ಮ ಕುಂದರು."

ನಾವು ತಲುಪಿದಾಗ ಹೊತ್ತು ಮುಳುಗಿತ್ತು. ಮನೆಯ ಮಗ ತಾಟುಗಳನ್ನೆಲ್ಲ ಮಂಚದ ಮೇಲೆ ಹರವಿದ. "ಜಾಗಾ ತಿಂತಾವ್ರಿ. ಶೋಕೇಸ್ ತಗದು ದೊಡ್ಡ ಟಿವಿ ಹಚ್ಚೋರದೀವಿ."

"ಒಂದ ತಾಟು ಕಮ್ಮಿ ಐತಲ್ರಿ?" ಎಂದ ಕಾಕಾ.

ಅಡುಗೆಮನೆಯಿಂದ ಆತನ ತಾಯಿ, ತಲೆ ನೆರೆತ ಅಜ್ಜಿ, ಬಂದರು. ಕೈಯಲ್ಲಿ ಒದ್ದೆ ತಾಟು. "ಹೊತ್ತ ಮುಳುಗೂದರಾಗ ಊಟ ಮುಗಿಸಬೇಕಲ್ರಿ, ಇದರಾಗ ಉಂಡಿದ್ದೆ. ತೊಳದು ತಂದೀನಿ."

"ದಿನಾ ಅದರಾಗ ಉಣ್ತಾಳ್ರಿ. ಸ್ಟೀಲಿಂದು ಕೊಟ್ರ ಒಲ್ಲೆ ಅಂತಾಳ," ಎಂದು ಮಗ ನಕ್ಕ.

ಕಾಕಾ ತಾಟಿಗೆ ಕೈ ಚಾಚಿ ಹಿಡಿದ. ಅಜ್ಜಿ ಕೊಡಲು ಬಂದವರು ಬಿಡಲಿಲ್ಲ. ಇಬ್ಬರ ಕೈಯೂ ತಾಟಿನ ಮೇಲೆ. ಕಡೆಗೆ ಕಾಕಾನೇ ಕೈಬಿಟ್ಟ.

ಮಂಚದ ಮೇಲಿನದೊಂದನ್ನು ಮಗುಚಿದ. ಜಪಾನಿನ ಮುದ್ರೆಯ ಕೆಳಗೆ, ಕನ್ನಡದಲ್ಲಿ, ಚುಕ್ಕೆ ಚುಕ್ಕೆಯಾಗಿ ಕೊರೆದ ಅಜ್ಜಿಯ ಹೆಸರು!

"ಅಪ್ಪ ಭಾಂಡೆ-ಪಾತ್ರಿ ಅಂಗಡಿಗೆ ಒಯ್ದು ಅವ್ವನ ಹೆಸರು ಹಾಕಿಸ್ಯಾನ್ರಿ," ಎಂದ ಮಗ. "ಓಣ್ಯಾಗ ಅದಲಬದಲ ಆಗಬಾರದಂತ!"

ಖಾನಾಪುರದ ಮನೆಮನೆಯಲ್ಲೂ ಜಪಾನಿನ ಡಿನ್ನರ್ ಸೆಟ್ ಇತ್ತು ನೋಡಿ! ನನಗೆ ಒಳಗೊಳಗೇ ಖುಷಿ. ಹೆಸರಿನ ನೆಪದಲ್ಲಿ ಇನ್ನಷ್ಟು ಇಳಿಸಬಹುದು. ಬೆನ್ನ ಮೇಲಿನ ಹೆಸರಿಗೆ ಪುಣೆಯವರೇನೂ ಬೇಡವೆನ್ನುತ್ತಿರಲಿಲ್ಲ. ಅದು ನನಗೂ ಗೊತ್ತು, ಕಾಕಾನಿಗೂ ಗೊತ್ತು.

ಕಾಕಾ ಗಂಟಲು ಸರಿ ಮಾಡಿಕೊಂಡ. "ಹೆಸರ ಕೊರದ ತಾಟು ಯಾರೂ ಮುಟ್ಟಂಗಿಲ್ರಿ. ನಯಾಪೈಸಾ ಹುಟ್ಟಂಗಿಲ್ಲ. ಇಟ್ಕೋರಿ, ಅವ್ವಾರು ಉಣ್ಣಲಿ."

ಸುಳ್ಳು! ಶುದ್ಧ ಸುಳ್ಳು! ಕಾಕಾನ ಬಾಯಿಂದ! ಹೇಳಿದ್ದಷ್ಟೇ ಅಲ್ಲ, ನನ್ನ ಕಡೆ ತಿರುಗಿ, "ಹೌದಲ್ಲ ಯವ್ವಾ?" ಎಂದು ಬೇರೆ ಕೇಳಿದ.

ಅಜ್ಜಿ ನನ್ನನ್ನೇ ನೋಡುತ್ತ, ಒದ್ದೆ ತಾಟನ್ನು ಸೆರಗಿನಿಂದ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

"ಹೌದ್ರಿ," ಎಂದೆ. "ಪ್ಯಾಕಿಂಗ್ ಖರ್ಚೂ ಹುಟ್ಟಂಗಿಲ್ಲ."

ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಆಡಿಲ್ಲ! ಆಡಿದ ಮೇಲೆ ಬೆಲೆ ಕೇಳದೆ ಎದ್ದು ಬಂದದ್ದು ಮಾತ್ರ ಅಂದೇ ಮೊದಲು.

ವಾಪಸ್ ಬಸ್ಸಿನಲ್ಲಿ, ಬೆಳಗಾವಿ ಅಂಚಿನ ಪೀರನವಾಡಿ ಬರುವತನಕ ಬೈದೆ. "ಪುಣೆಯವರಿಗೆ ಈಗ ನಾ ಏನ ಹೇಳಲಿ?"

"ಸುಳ್ಳ ಹೇಳೂದು ನಿನಗ ನಾ ಕಲಸಬೇಕೇನ?" ಎಂದ ಕಾಕಾ, ಕಿಟಕಿಯ ಕಡೆ ಮುಖ ಮಾಡಿಕೊಂಡೇ.

ಹಳೆಯ ಪಿಂಗಾಣಿ ಕೊಳ್ಳಹೊರಟವರಿಗೆ ನನ್ನದೊಂದು ಮಾತು. ಶೋಕೇಸಿನಲ್ಲಿ ಧೂಳು ಹಿಡಿದ ಸೆಟ್ಟಾದರೆ ಅರ್ಧ ಬೆಲೆಯಿಂದಲೇ ಶುರು ಮಾಡಿ, ನಾಚಬೇಡಿ. ಆದರೆ ಒಂದು ತಾಟು ಅಡುಗೆಮನೆಯಿಂದ ಒದ್ದೆಯಾಗಿ ಬಂತೋ, ಅವರು ಕೊಟ್ಟ ಚಹಾ ಕುಡಿದು ಎದ್ದುಬಿಡಿ.