ಬಾಳೆಹಣ್ಣು ಕೊಳೆಸಿದ್ದು

ಅಡಿಗೆ ಪದಾರ್ಥವನ್ನು ಕೆಡದ ಹಾಗೆ ಕಾಪಾಡುವುದು ಕಷ್ಟ ಅಂತ ಹೆಂಗಸರೆಲ್ಲ ಹೇಳುತ್ತಾರೆ. ಬೇಕೆಂದೇ ಕೆಡಿಸುವುದು ಅದಕ್ಕಿಂತ ಕಷ್ಟ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮಾತೆಂದು ತಳ್ಳಿಹಾಕಬೇಡಿ. ನಾನು ವಿಶ್ವವಿದ್ಯಾಲಯದ ಕೆಲಸಕ್ಕಾಗಿ ಬಾಳೆಹಣ್ಣು ಕೊಳೆಸಿದವಳು.

ನಮ್ಮದು ರಾಮಗಿರಿ ಕಡೆಯ ಕುರಿಗಾರರ ಮನೆ. ಮಗನ ಮಗಳು ಸರೋಜ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಾಳೆ. ಹೀಗೆ ಬರೆಯುವಾಗಲೇ ಸಂತೋಷಕ್ಕೆ ಅಕ್ಷರ ಸೊಟ್ಟಗಾಗುತ್ತದೆ. ಅವಳ ಓದು ಏನೆಂದು ಕೇಳಿದವರಿಗೆ ಮೊದಮೊದಲು ಡಾಕ್ಟರಿಕೆ ಅಂತಲೇ ಹೇಳುತ್ತಿದ್ದೆ. ಆಮೇಲೆ ತಿಳಿಯಿತು, ಅದು ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬ ಶಾಸ್ತ್ರ, ಕಲಿಯುವುದು ನೊಣಗಳಿಂದ. ಲ್ಯಾಬೊರೇಟರಿಯಲ್ಲಿ ಅವನ್ನು ಸೀಸೆಯೊಳಗೆ ಸಾಕಿ ರವೆ, ಬೆಲ್ಲ ಬೇಯಿಸಿ ಹಾಕುತ್ತಾರಂತೆ. ಸಕ್ಕರೆಗೆ ನಾವು ರೇಷನ್ ಅಂಗಡಿಯ ಮುಂದೆ ನಿಲ್ಲುವ ಈ ಕಾಲದಲ್ಲಿ ನೊಣಕ್ಕೆ ದಿನವೂ ಹಬ್ಬ.

ದಸರಾ ರಜೆಗೆ ಬಂದವಳು ಖಾಲಿ ಸೀಸೆಗಳನ್ನೂ ಹತ್ತಿಯನ್ನೂ ತಂದಿದ್ದಳು. ಅವಳ ಕ್ಲಾಸಿನ ಒಬ್ಬೊಬ್ಬರೂ ತಮ್ಮೂರಿನ ನೊಣ ಹಿಡಿದು ಒಯ್ಯಬೇಕು. ಸಿಗದವರು ಬೇರೆಯವರು ತಂದ ನೊಣದಲ್ಲಿ ಕೆಲಸ ಮಾಡಬೇಕು. ಭೀಮಸಮುದ್ರದ ಹುಡುಗಿಯೊಬ್ಬಳು ಆಗಲೇ ಹಿಡಿದುಬಿಟ್ಟಿದ್ದಾಳಂತೆ. ಅದನ್ನು ಕೇಳಿದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ನನ್ನ ಮೊಮ್ಮಗಳು ಭೀಮಸಮುದ್ರದ ನೊಣಕ್ಕೆ ಕೈಚಾಚುವುದೆ?

ಕುರಿ ರೊಪ್ಪಕ್ಕೆ ಹೋಗಿ ಡಬ್ಬಿ ತುಂಬ ನೊಣ ಹಿಡಿದು ತಂದೆ. ಸರೋಜ ನಕ್ಕಳು. ಇವಲ್ಲ, ಎಳ್ಳುಕಾಳಿನಷ್ಟೇ ಇರುವ, ಕೊಳೆತ ಹಣ್ಣಿಗೆ ಮುತ್ತುವ ನೊಣ ಬೇಕಂತೆ.

ಹೊಳಲ್ಕೆರೆ ಸಂತೆಯಿಂದ ಒಂದು ಚಿಪ್ಪು ಬಾಳೆಹಣ್ಣು ತಂದೆ. ತಂದವಳು ಅಭ್ಯಾಸಬಲದಿಂದ ದೇವರ ಮುಂದಿಟ್ಟು ಕೈಮುಗಿದೆ. ನಮ್ಮಲ್ಲಿ ಸಂತೆಯಿಂದ ಏನು ಬಂದರೂ ಮೊದಲು ದೇವರಿಗೆ. ಅಲ್ಲಿಗೆ ಹಣ್ಣು ಪ್ರಸಾದವಾಯಿತು. ಪ್ರಸಾದವನ್ನು ಕೊಳೆಸುವುದುಂಟೆ? ಪಕ್ಕದ ಮನೆಯ ರಂಗಮ್ಮ ಕೈನೀಡಿದಳು, ಅವಳ ಹಿಂದೆ ಇಡೀ ಹಟ್ಟಿ ಕೈನೀಡಿತು. ಸಿಪ್ಪೆಯನ್ನಾದರೂ ಉಳಿಸೋಣವೆಂದರೆ ಕುರಿಮರಿಗಳು ಆಗಲೇ ತಿಂದು ಮೂತಿ ನೆಕ್ಕಿಕೊಳ್ಳುತ್ತಿದ್ದವು.

ಎರಡನೇ ಸಲ ತಂದ ಹಣ್ಣನ್ನು ದೇವರ ಗೂಡಿನ ಕಡೆ ತಿರುಗಿಯೂ ನೋಡದೆ ಅಟ್ಟಕ್ಕೆ ಸೇರಿಸಿದೆ. ಇದು ಹುಡುಗಿಯ ಓದಿನದು, ನೀನು ಸ್ವಲ್ಪ ಸುಮ್ಮನಿರು ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದೆ. ಹಣ್ಣು ಕಪ್ಪಗಾಗುತ್ತ ಬಂತು, ನನ್ನ ಮುಖ ಬೆಳಗುತ್ತ ಬಂತು. ಒಂದು ಸಂಜೆ ನೋಡಿದರೆ ನಮ್ಮ ಯಜಮಾನರು ಕೊಳೆತದ್ದನ್ನು ಕಿತ್ತೆಸೆದು ಉಳಿದದ್ದನ್ನು ರೊಟ್ಟಿಗೆ ನಂಚಿಕೊಂಡು ತಿನ್ನುತ್ತಿದ್ದಾರೆ.

"ಕೆಟ್ಟೋಗ್ತಿತ್ತು, ಅದ್ಕೆ ತಿಂದೆ," ಅಂದರು.

"ಕೆಡ್ಲಿ ಅಂತ್ಲೇ ಇಟ್ಟಿದ್ದು."

"ತಲೆ ನೆಟ್ಟಗೈತೇನೆ ನಿಂಗೆ?"

ಸರೋಜ ಮಾರನೆಯ ದಿನವೇ ಬಸ್ಸು ಹತ್ತಬೇಕಿತ್ತು. ಅವಳ ಮುಖ ಸಣ್ಣದಾಯಿತು. "ಹೋಗ್ಲಿ ಬಿಡಜ್ಜಿ, ಭೀಮಸಮುದ್ರದೋಳ ನೊಣಾನೇ ಇಸ್ಕಂತೀನಿ," ಅಂದಳು.

"ಸುಮ್ಕಿರೇ," ಅಂದೆ.

ಯಜಮಾನರು ಎಸೆದಿದ್ದ ಕೊಳೆತ ತುಂಡುಗಳನ್ನೇ ಬಾಚಿ ಸೀಸೆಗೆ ಹಾಕಿ, ಬೇವಿನ ಮರದ ಕೆಳಗಿನ ಕೊಂಬೆಗೆ ಕಟ್ಟಿ, ಕೋಲು ಹಿಡಿದು ಕೂತೆ. ಟಗರು ಬಂತು, ಓಡಿಸಿದೆ. ಯಜಮಾನರು ಬಂದರು, ಅವರನ್ನೂ ಓಡಿಸಿದೆ. ಬೆಳಗಾಗುವಾಗ ಸೀಸೆಯೊಳಗೆ ಎಳ್ಳು ಚೆಲ್ಲಿದ ಹಾಗೆ ನೊಣ. ಸರೋಜ ಮೆಲ್ಲಗೆ ಬಂದು ಸೀಸೆಯ ಬಾಯಿಗೆ ಹತ್ತಿ ತುರುಕಿದಳು. ಭೀಮಸಮುದ್ರದ ಹಂಗಿಲ್ಲದೆ ನಮ್ಮ ನೊಣಗಳು ಮೈಸೂರಿನ ಬಸ್ಸು ಹತ್ತಿದವು.

ಮುಂದಿನ ರಜೆಯಲ್ಲಿ ಅವಳು ತಂದ ಸುದ್ದಿಗೆ ನನ್ನ ಕಾಲು ಇನ್ನೂ ನೆಲಕ್ಕೆ ಹತ್ತಿಲ್ಲ. ನಮ್ಮೂರಿನ ಹೆಸರಿನ ಸೀಸೆಯಿಂದ ಹೆಣ್ಣುನೊಣ ಆರಿಸಿ ಲ್ಯಾಬಿನ ಬಿಳಿಗಣ್ಣಿನ ಗಂಡಿಗೆ ಕೊಟ್ಟರಂತೆ. ಹುಟ್ಟಿದ ಮಕ್ಕಳೆಲ್ಲ ನಮ್ಮ ಕಡೆಯ ಹಾಗೆ ಕೆಂಪುಗಣ್ಣಿನವು. ಮೊಮ್ಮಕ್ಕಳಲ್ಲಿ ಮಾತ್ರ ಎಷ್ಟೋ ಗಂಡುಗಳಿಗೆ ತಾತನ ಬಿಳಿಗಣ್ಣು. ಕೆಲವು ಗುಣ ಮಕ್ಕಳಲ್ಲಿ ಅಡಗಿದ್ದು ಮೊಮ್ಮಕ್ಕಳಲ್ಲಿ ಹೊರಗೆ ಬರುತ್ತದಂತೆ. ಮೇಷ್ಟರು ಬಹಳ ಮೆಚ್ಚಿದರಂತೆ.

ನನಗೆ ಅಷ್ಟು ಸಾಕಾಯಿತು. ಇವಳ ಬುದ್ಧಿ ನನ್ನದೇ, ಮಗನಲ್ಲಿ ಅಡಗಿ ಕೂತಿತ್ತು ಎಂದು ಹಟ್ಟಿಗೆಲ್ಲ ಹೇಳಿಬಂದೆ. ಯಜಮಾನರು ನಿಧಾನವಾಗಿ ಬೀಡಿ ಹಚ್ಚಿದರು.

"ಅಡಗಿತ್ತು ಅಂದ್ರೆ ಅದು ನಂದೇ ಇರ್ಬೇಕು ಕಣೆ. ನಿಂದು ಯಾವತ್ತು ಅಡಗೈತೆ?"

ವಿಷಯ ಸರೋಜಳವರೆಗೆ ಹೋಯಿತು. ಯಾರದೆಂದು ತೀರ್ಮಾನವಾಗಬೇಕಾದರೆ ಇಬ್ಬರನ್ನೂ ಬೇರೆ ಬೇರೆ ಸೀಸೆಗೆ ಹಾಕಬೇಕಾಗುತ್ತದೆ ಅಂದಳು. ನಾನು ತಯಾರಿದ್ದೇನೆ. ಯಜಮಾನರೇ ಹಿಂಜರಿಯುತ್ತಿದ್ದಾರೆ.