ಊಟ ಸಮೇತ

ಕೊಟ್ರೇಶನಿಗೆ ಆ ಭಾನುವಾರ ಆದದ್ದಕ್ಕೆಲ್ಲ ಮೂಲ ಎರಡೇ ಎರಡು ಮಾತು: ಊಟ ಸಮೇತ.

ಬೆಟಗೇರಿ ಪೇಟೆಯಲ್ಲಿ ಅವನದೊಂದು ಪಾತ್ರೆ ಅಂಗಡಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಹೆಂಡತಿ ಕಾಂಚನಾಳನ್ನು ಲಗ್ನ, ಕುಬಸ, ಗೃಹಪ್ರವೇಶ ಬಿಟ್ಟು ಬೇರೆಲ್ಲಿಗೂ ಕರೆದುಕೊಂಡು ಹೋದವನಲ್ಲ. ಊಟ ಪುಕ್ಕಟೆ ಸಿಗುವ ಕಡೆಗಷ್ಟೇ ಗಂಡನ ಕಾಲು ಏಳುತ್ತದೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಅವನು ಅದನ್ನು ಅಲ್ಲಗಳೆಯಲೂ ಹೋಗಿರಲಿಲ್ಲ. ಈ ಸಲದ ಬೇಸಿಗೆ ರಜೆಯಲ್ಲಿ ಅವಳು ಫೋನನ್ನು ಅವನ ಮೂಗಿಗೆ ಹಿಡಿದು, ಸಿಂಗಟಾಲೂರಿನ ಹತ್ತಿರ ಹೊಳೆ ದಂಡೆಗೆ ಹೊಸದಾಗಿ ಆದ ರೆಸಾರ್ಟಿನ ಚಿತ್ರ ತೋರಿಸಿದಳು. ಅವಳು ತೋರಿಸಿದ್ದು ಈಜುವ ಕೊಳ ಮತ್ತು ಜೋಕಾಲಿ. ಅವನು ನೋಡಿದ್ದು ಅದರ ಕೆಳಗಿನ ಸಾಲು. ನಾಷ್ಟಾ, ಮಧ್ಯಾಹ್ನದ ಊಟ, ಸಂಜೆಯ ತಿಂಡಿ ಸಮೇತ, ಎಷ್ಟು ಬೇಕಾದರೂ ತಿನ್ನಿ ಎಂದು ಬರೆದಿತ್ತು. ದೊಡ್ಡವರಿಗೆ ಸಾವಿರದ ಇನ್ನೂರು, ಮಕ್ಕಳಿಗೆ ಅರ್ಧ, ಐದು ವರ್ಷದೊಳಗಿನವರಿಗೆ ಏನೂ ಇಲ್ಲ. ಏಳು ವರ್ಷದ ಮಗಳು ಶೀತಲ್ ಅರ್ಧಕ್ಕೆ ಬಂದಳು, ನಾಲ್ಕು ವರ್ಷದ ಮಗ ಶಿವಯೋಗಿ ಸೊನ್ನೆಗೆ ಬಂದ. ಒಟ್ಟು ಮೂರು ಸಾವಿರ. ‘ಎಷ್ಟು ಬೇಕಾದರೂ’ ಎಂಬ ಮಾತಿಗೆ ಮನಸೋತು ಕೊಟ್ರೇಶ ಅಲ್ಲೇ ಮುಂಗಡ ಕಟ್ಟಿಬಿಟ್ಟ.

ಕಟ್ಟಿ ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಮರುದಿನ ಅಂಗಡಿಯಲ್ಲಿ ಪಕ್ಕದ ಮನೆಯ ಮುದಕಪ್ಪನ ಎದುರು ಬಡಾಯಿ ಕೊಚ್ಚಿದ. ಮುದಕಪ್ಪ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಲೋಕದ ಯಾವ ದರವೂ ಸರಿಯಾಗಿದೆ ಎಂದು ಅವನು ಒಪ್ಪಿದ ದಾಖಲೆಯಿಲ್ಲ.

“ಸಣ್ಣ ಹುಡುಗರನ್ನ ಕಟ್ಕೊಂಡು ಹೋಗಿ ಮೂರು ಸಾವಿರ ವಸೂಲಿ ಆಗೂದು ಸುಳ್ಳು ತಮ್ಮಾ” ಅಂದ ಮುದಕಪ್ಪ. “ನಾ ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿದ್ನಿ. ಎರಡು ಹಪ್ಪಳ ತಿಂದು ನೀರಾಗ ಬಿದ್ದುವು. ನೀ ಟೋಪಿ ಹಾಕಿಸ್ಕೊಂಡಿ.”

ಅಂಗಡಿಯಲ್ಲಿ ಆಗ ಐದಾರು ಗಿರಾಕಿಗಳಿದ್ದರು. ಎಲ್ಲರೂ ನಕ್ಕರು. ಕೊಟ್ರೇಶನಿಗೆ ಮೈಯೆಲ್ಲ ಉರಿಯಿತು. ಮೂರು ಸಾವಿರದ ಮೇಲೆ ಒಂದು ರೂಪಾಯಿಯಾದರೂ ಹೆಚ್ಚಿಗೆ ತಿಂದು ಬರುತ್ತೇನೆ, ಬರದಿದ್ದರೆ ಓಣಿಯಲ್ಲಿ ತಲೆ ಎತ್ತಿ ಅಡ್ಡಾಡುವುದಿಲ್ಲ ಎಂದು ಎಲ್ಲರ ಎದುರು ಹೇಳಿಬಿಟ್ಟ. ಸೋಮವಾರ ಬೆಳಿಗ್ಗೆ ಬಂದು ಲೆಕ್ಕ ಕೇಳುವುದಾಗಿ ಮುದಕಪ್ಪ ಹೇಳಿ ಹೋದ. ಕೊಟ್ರೇಶ ಆಡಿದ ಮಾತಿಗೆ ತಪ್ಪುವವನಲ್ಲ. ಖರ್ಚಾಗುವ ಮಾತಾಗಿದ್ದರೆ ಬೇರೆ.

ಶನಿವಾರವೇ ತಯಾರಿ ಸುರುವಾಯಿತು. ಮಕ್ಕಳಿಗೆ ರಾತ್ರಿ ಅರ್ಧರ್ಧ ಲೋಟ ಗಂಜಿ, ತನಗೆ ಅದೂ ಇಲ್ಲ. ಭಾನುವಾರ ಬೆಳಿಗ್ಗೆ ಹಾಲೂ ಬಿಸ್ಕೀಟೂ ಬಂದ್. ಅವನ ಅವ್ವ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದಾರಿಗೆ ಹೊರಟವರು ಬುತ್ತಿಯಿಲ್ಲದೆ ಹೊಸ್ತಿಲು ದಾಟುವುದನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ. ಮೂರು ಸಾವಿರ ಕಟ್ಟಿದ ಹೊಟ್ಟೆಗೆ ಮನೆಯ ರೊಟ್ಟಿ ಹಾಕುವುದೆಂದರೆ ಏನು? ಕೊಟ್ರೇಶ ವ್ಯಾನಿನಲ್ಲಿಡುತ್ತೇನೆಂದು ಬುತ್ತಿಯ ಗಂಟನ್ನು ಅವ್ವನ ಕೈಯಿಂದ ಇಸಿದುಕೊಂಡು, ಅಡುಗೆಮನೆಯ ಬಾಗಿಲ ಹಿಂದೆ ಇಟ್ಟು ಬಂದ.

ಡಂಬಳ ದಾಟುವ ಹೊತ್ತಿಗೆ ಶಿವಯೋಗಿ ಹಸಿವು ಅನ್ನತೊಡಗಿದ. ಮುಂಡರಗಿ ಬಸ್ ನಿಲ್ದಾಣದ ಎದುರು ಬಿಸಿ ಮಿರ್ಚಿ ಭಜಿ ತೇಲಿಸುತ್ತಿದ್ದರು. ಆ ವಾಸನೆಗೆ ಶೀತಲ್ ಕಿಟಕಿಯಿಂದ ಅರ್ಧ ಹೊರಗೆ ಬಂದಳು. ಕೊಟ್ರೇಶ ಕಿಟಕಿ ಏರಿಸಿದ. ಅಲ್ಲಿ ಹೋದ ಮೇಲೆ ಬೇಕಾದ್ದು ತಿನ್ನಬಹುದು, ಈಗ ತಿಂದರೆ ಅಲ್ಲಿ ಜಾಗ ಇರುವುದಿಲ್ಲ ಎಂದು ಮಕ್ಕಳಿಗೆ ತಿಳಿಹೇಳಿದ. ಖಾಲಿ ಹೊಟ್ಟೆಯ ಮಕ್ಕಳಿಗೆ ತಿಳಿಹೇಳುವುದು ಎಂದಾದರೂ ಫಲಿಸಿದೆಯೇ? ಮುಂದೆ ಎರಡು ಮೈಲಿ ಹೋಗುವುದರೊಳಗೆ ಶಿವಯೋಗಿಗೆ ಹೊಟ್ಟೆ ತೊಳೆಸಿ ವಾಂತಿಯಾಯಿತು. ವ್ಯಾನು ನಿಲ್ಲಿಸಿ, ಹುಡುಗನನ್ನು ತೊಳೆದು, ಸೀಟು ತೊಳೆದು, ಕಾಂಚನಾಳ ಬೈಗುಳ ಕೇಳಿ ಹೊರಡುವಷ್ಟರಲ್ಲಿ ಅರ್ಧ ತಾಸು ಹೋಯಿತು.

ಹತ್ತಕ್ಕೆ ನಾಷ್ಟಾ ಬಂದ್. ಇವರು ಮುಟ್ಟಿದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಕೌಂಟರಿನ ಶಾಹಬಾಜ ಎಂಬ ತರುಣ ನಗುನಗುತ್ತ ಎಲ್ಲರ ಮಣಿಕಟ್ಟಿಗೆ ಹಸಿರು ಪಟ್ಟಿ ಸುತ್ತಿದ. ಕೊಟ್ರೇಶ ಓಡಿಹೋಗಿ, ಇಡ್ಲಿ ಉಪ್ಪಿಟ್ಟು ಅಗ್ಗದ ಸಾಮಾನು, ಯಾರೂ ಮುಟ್ಟಬಾರದು, ದೋಸೆ ಮತ್ತು ಹಣ್ಣು ಮಾತ್ರ ಎಂದು ಅಪ್ಪಣೆ ಕೊಡಿಸಿದ. ದೋಸೆಯವನು ಅಷ್ಟರಲ್ಲಿ ಒಲೆ ಆರಿಸಿದ್ದ. ಶೀತಲ್ ಎರಡು ಹೋಳು ಕಲ್ಲಂಗಡಿ ತಿಂದಳು, ಶಿವಯೋಗಿ ಒಂದು ಲೋಟ ಕೆಂಪು ಶರಬತ್ತು ಕುಡಿದ, ಇಬ್ಬರೂ ಕೊಳಕ್ಕೆ ಹಾರಿದರು. ಕೊಟ್ರೇಶ ಮನಸ್ಸಿನಲ್ಲೇ ಕೂಡಿಸಿ ನೋಡಿದ. ಎಷ್ಟು ಧಾರಾಳವಾಗಿ ಹಿಡಿದರೂ ನಲವತ್ತು ರೂಪಾಯಿ ದಾಟಲಿಲ್ಲ.

ಇನ್ನು ಉಳಿದದ್ದು ಮಧ್ಯಾಹ್ನದ ಊಟ. ಒಂದು ಗಂಟೆಗೆ ಮೇಜಿನ ಮೇಲೆ ಮುಚ್ಚಳ ತೆಗೆದಾಗ ಅವನ ಕಣ್ಣು ತುಂಬಿ ಬಂತು. ಪನೀರಿನದೇ ಮೂರು ತರಹ, ಗೋಡಂಬಿಯ ಪಲ್ಯ, ಕುಲ್ಚಾ, ಬಾಸುಂದಿ, ಜಾಮೂನು. ಮಕ್ಕಳು ಮತ್ತೆ ಮತ್ತೆ ಎದ್ದು ಹೋಗಬಾರದೆಂದು ನಾಲ್ವರ ತಟ್ಟೆಯನ್ನೂ ತಾನೇ ತುಂಬಿಕೊಂಡು ಬಂದ. ಶಿವಯೋಗಿ ಪನೀರಿನ ಒಂದು ತುಂಡನ್ನು ಬೆರಳಿನಿಂದ ಒತ್ತಿ ನೋಡಿ, ತನಗೆ ಮೊಸರನ್ನ ಬೇಕು ಅಂದ. ಶೀತಲ್‌ಗೆ ಬೇಕಾದದ್ದು ಹಪ್ಪಳ. ಹಪ್ಪಳ, ಅದರ ಮೇಲೆ ಇನ್ನೊಂದು ಹಪ್ಪಳ. ಮೊಸರನ್ನ ನಾಲ್ಕು ತುತ್ತು ಒಳಗೆ ಹೋಗುವುದರೊಳಗೆ ಇಬ್ಬರೂ ಮತ್ತೆ ಜೋಕಾಲಿಯ ಕಡೆ ಓಡಿದರು. ಆಗ ಕೊಟ್ರೇಶನ ಕಣ್ಣಿಗೆ ಗೋಡೆಯ ಮೇಲಿನ ಫಲಕ ಬಿತ್ತು. ತಟ್ಟೆಯಲ್ಲಿ ಅನ್ನ ಬಿಟ್ಟರೆ, ತಟ್ಟೆಯೊಂದಕ್ಕೆ ನೂರು ರೂಪಾಯಿ ದಂಡ.

ಕೊಟ್ರೇಶ ತನ್ನ ತಟ್ಟೆ ಮುಗಿಸಿದ. ಮಗಳದ್ದು ಮುಗಿಸಿದ. ಮಗನ ತಟ್ಟೆಯ ಪನೀರು ಮುಗಿಯುವ ಹೊತ್ತಿಗೆ ಬೆವರು ಹುಬ್ಬಿನಿಂದ ಇಳಿಯುತ್ತಿತ್ತು. ಕಾಂಚನಾ ತನ್ನ ಪಾಲಿನ ಎರಡು ಜಾಮೂನನ್ನೂ ಅವನ ಕಡೆ ಸರಿಸಿ, ಇವೂ ವಸೂಲಿಗೆ ಬರುತ್ತವೆ ಅಂದಳು. ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ. ಅವನು ಅವನ್ನೂ ತಿಂದ. ಆಮೇಲೆ ಬೇವಿನ ಮರದ ಕೆಳಗೆ, ತುಂಬಿದ ಕಾಳಿನ ಚೀಲವನ್ನು ಇಳಿಸಿದ ಹಾಗೆ, ಮೆಲ್ಲಗೆ ತನ್ನನ್ನು ತಾನೇ ಇಳಿಸಿಕೊಂಡು ಮಲಗಿದ. ಮೂರು ಸಾವಿರದ ಮುಕ್ಕಾಲು ಪಾಲು ತನ್ನೊಬ್ಬನ ಹೊಟ್ಟೆಯಲ್ಲೇ ಇದೆ ಎಂಬ ಸಮಾಧಾನದಲ್ಲಿ ಜೊಂಪು ಹತ್ತಿತು.

ಮೂರೂವರೆಗೆ ಮಕ್ಕಳು ಬಂದು ಎಬ್ಬಿಸಿದರು. ಹಸಿವು. ಅಡುಗೆಮನೆ ಬಂದ್ ಆಗಿತ್ತು, ತಿಂಡಿ ಐದಕ್ಕೆ. ಬೇಕಾದರೆ ಮ್ಯಾಗಿ ಮಾಡಿಕೊಡಬಹುದು, ಅದಕ್ಕೆ ಬೇರೆ ಎಂಬತ್ತು ರೂಪಾಯಿ ಎಂದು ಶಾಹಬಾಜ ಹೇಳಿದ. ಎಂಬತ್ತು ಎಂದದ್ದೇ ಕೊಟ್ರೇಶನಿಗೆ ಐದು ಗಂಟೆ ಬಹಳ ಹತ್ತಿರ ಅನ್ನಿಸಿತು. ಕಾಂಚನಾ ಅವನ ಮುಖವನ್ನು ಒಂದು ಸಲ ನೋಡಿ, ಇಬ್ಬರೂ ಮಕ್ಕಳ ಕೈ ಹಿಡಿದು ಹೊಳೆಯ ಕಡೆಯ ಸಣ್ಣ ಗೇಟಿನಿಂದ ಹೊರಗೆ ಹೋದಳು.

ಅವಳು ಬೈಯದೆ ಹೋದದ್ದಕ್ಕೇ ಅವನಿಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಎದ್ದು, ಹೊಟ್ಟೆ ಹಿಡಿದುಕೊಂಡು ಹಿಂದೆಯೇ ಹೋದ. ದಂಡೆಯ ಜಾಲಿ ನೆರಳಿನಲ್ಲಿ ಒಂದು ಟ್ರ್ಯಾಕ್ಟರು ನಿಂತಿತ್ತು. ವೀರಭದ್ರನಿಗೆ ಕಾಯಿ ಒಡೆಸಿಕೊಂಡು ಬಂದ ಒಂದು ದೊಡ್ಡ ಕುಟುಂಬ ಜಮಖಾನೆ ಹಾಸಿ ಉಣ್ಣುತ್ತ ಕೂತಿತ್ತು. ನಡುವೆ ಅವನ ಹೆಂಡತಿ ಮಕ್ಕಳು. ಮನೆಯಲ್ಲಿ ರೊಟ್ಟಿ ಕಂಡರೆ ಮುಖ ತಿರುವುವ ಶೀತಲ್ ಮೂರನೆಯ ರೊಟ್ಟಿಗೆ ಎಣ್ಣೆಗಾಯಿ ಹಚ್ಚುತ್ತಿದ್ದಳು. ಶಿವಯೋಗಿ ಒಬ್ಬ ಮುದುಕಿಯ ತೊಡೆಯ ಮೇಲೆ ಕೂತು ಝುಣಕ ತಿನ್ನುತ್ತಿದ್ದ. ಆ ದೃಶ್ಯ ನೋಡಿ ಕೊಟ್ರೇಶನಿಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಮಕ್ಕಳನ್ನು ಬೆಳಗಿನಿಂದ ಉಪವಾಸ ಕೆಡವಿದವನು ಬೇರಾರೂ ಅಲ್ಲ.

ಆ ಕುಟುಂಬದ ಯಜಮಾನ ಸಕ್ರಪ್ಪ, ಅಂತೂರ ಬೆಂತೂರಿನವನು, ಕೆಂಪು ರುಮಾಲಿನ ಹಿರಿಯ. ಮುದುಕಿ ಅವನ ಹೆಂಡತಿ ತಿಪ್ಪವ್ವ. ಹುಡುಗರು ದೂರ ನಿಂತು ನೋಡುತ್ತಿರುವಾಗ ತಾವು ತುತ್ತು ಎತ್ತುವುದು ಆ ಮನೆಯಲ್ಲಿ ರೂಢಿಯಿಲ್ಲವಂತೆ, ಕರೆದು ಕೂಡಿಸಿಕೊಂಡಿದ್ದಳು. ಈಗ ಅವರ ಅಪ್ಪನ ಸರದಿ.

“ಕುಂಡ್ರಪಾ, ಎರಡು ರೊಟ್ಟಿ ತಿನ್ನು” ಅಂದಳು ತಿಪ್ಪವ್ವ.

“ಬ್ಯಾಡ್ರಿ ಯವ್ವಾ, ಹೊಟ್ಟಿ ಭಾಳ ತುಂಬೇತಿ.”

“ಎಲ್ಲಾರೂ ಹಂಗ ಅಂತಾರ. ನಮ್ಮ ಕೈಯಾಂದು ನಡೀದಿಲ್ಲೇನು ಮತ್ತ?”

ಈ ಮಾತು ಬಂದ ಮೇಲೆ ನಮ್ಮ ಕಡೆ ಯಾವ ಗಂಡಸಿಗೂ ಬಿಡುಗಡೆಯಿಲ್ಲ. ಕೊಟ್ರೇಶ ಕೂತ. ಎರಡು ಅಂದದ್ದು ಮೂರಾಯಿತು, ಮೇಲೆ ನೈವೇದ್ಯದ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಕಡೆಯ ತುತ್ತು ಗಂಟಲಿನಲ್ಲೇ ಕೂತು ಮುಂದೆ ಹೋಗುವುದೋ ಹಿಂದೆ ಬರುವುದೋ ಎಂದು ಬಹಳ ಹೊತ್ತು ವಿಚಾರ ಮಾಡಿತು.

ಕೈ ತೊಳೆದು ಏಳುವಾಗ ಅವನ ಬಾಯಿಂದ ರೂಢಿಯ ಮಾತು ಬಂತು. “ಐದಕ್ಕ ನಮ್ಮ ಕಡೆ ಚಾಕ್ಕ ಬರ್ರಿ ಎಲ್ಲಾರೂ.”

ಉಂಡವರು ಹೀಗೆ ಕರೆಯಬೇಕು. ಉಣ್ಣಿಸಿದವರು ‘ಇರ್ಲಿ ಬಿಡ್ರಿ, ಇನ್ನೊಮ್ಮೆ ಬರ್ತೀವಿ’ ಅನ್ನಬೇಕು. ಗದಗ ಜಿಲ್ಲೆಯ ತುಂಬ ದಿನಕ್ಕೆ ಸಾವಿರಾರು ಚಹಾ ಹೀಗೆ ಯಾರಿಗೂ ಖರ್ಚಿಲ್ಲದೆ ಕುಡಿದಾಗುತ್ತದೆ. ಸಕ್ರಪ್ಪ ಮಾತ್ರ ಮೀಸೆ ಒರೆಸಿಕೊಂಡು, “ಐದಕ್ಕ ಅಂದ್ರಿ? ಆತು” ಅಂದ.

ಐದಕ್ಕೆ ಸರಿಯಾಗಿ ಟ್ರ್ಯಾಕ್ಟರಿನ ಮಂದಿಯೆಲ್ಲ ಗೇಟಿಗೆ ಬಂದರು. ಕಾವಲುಗಾರ ಎದ್ದು ಕೈಮುಗಿದ. ತನ್ನ ಕೈಯ ಹಸಿರು ಪಟ್ಟಿಗೆ ಇಷ್ಟು ಮರ್ಯಾದೆ ಇದೆಯೆಂದು ಕೊಟ್ರೇಶನಿಗೆ ಬೆಳಗಿನಿಂದ ಗೊತ್ತಾಗಿರಲಿಲ್ಲ. ಎಣಿಸಿದ. ಕಂಕುಳ ಕೂಸುಗಳನ್ನು ಬಿಟ್ಟು ಹದಿನೇಳು ಮಂದಿ. ಕಾಂಚನಾ ಆಗಲೇ ತಿಪ್ಪವ್ವನ ಕೈ ಹಿಡಿದು ಕುರ್ಚಿ ಸರಿಸಿ ಕೂಡಿಸುತ್ತಿದ್ದಳು. ಹೊರಗಿನವರಿಗೆ ತಿಂಡಿ ತಲೆಗೆ ಇನ್ನೂರು ಎಂದು ಕೌಂಟರಿನ ಮೇಲೆ ಬರೆದಿದ್ದರು. ಕೊಟ್ರೇಶ ಶಾಹಬಾಜನನ್ನು ಮೂಲೆಗೆ ಕರೆದು, ದುಡ್ಡು ಕಟ್ಟಿದ ತಾವು ಮೂವರೂ ತಿಂಡಿ ಮುಟ್ಟುವುದಿಲ್ಲ, ತಮ್ಮ ಪಾಲಿನದನ್ನು ಇವರ ಲೆಕ್ಕದಲ್ಲಿ ಕಳೆಯಲು ಬರುತ್ತದೆಯೇ ಎಂದು ವಿಚಾರಿಸಿದ. ಬರುವುದಿಲ್ಲ, ಪಟ್ಟಿ ಕಟ್ಟಿಕೊಂಡವರದು ಅವರಿಗೇ. ಆದರೆ ಶಾಹಬಾಜ ದನಿ ತಗ್ಗಿಸಿ, “ಸರ, ಇವರ ಬಿಲ್ಲಿಂದು ಏನಂದ್ರ...” ಎಂದು ಏನೋ ಹೇಳಹೊರಟ.

ಅಷ್ಟರಲ್ಲಿ ಸಕ್ರಪ್ಪ ಹಿಂದೆ ಬಂದು ನಿಂತಿದ್ದ. ಕಾಂಚನಾಳೂ ಇತ್ತಲೇ ನೋಡುತ್ತಿದ್ದಳು. ತನ್ನ ಕಿಸೆಯ ಬಗ್ಗೆ ಈ ಹುಡುಗ ಎಲ್ಲರೆದುರು ಅನುಮಾನ ಪಡುತ್ತಿದ್ದಾನೆ ಎಂದು ಕೊಟ್ರೇಶನಿಗೆ ರೇಗಿತು.

“ಏನೂ ಹೇಳಬ್ಯಾಡ. ಎಲ್ಲಾ ನಮ್ಮ ಮಂದಿನ. ಪೂರಾ ನನ್ನ ಹೆಸರಿಗೆ ಬರಿ.”

ಶಾಹಬಾಜ ಸಕ್ರಪ್ಪನ ಮುಖ ನೋಡಿದ. ಸಕ್ರಪ್ಪ ಬರೆ ಎಂಬಂತೆ ತಲೆ ಆಡಿಸಿದ. ಮಿರ್ಚಿ, ಗಿರ್ಮಿಟ್, ಬೆಲ್ಲದ ಚಹಾ ಸಾಲಾಗಿ ಬಂದವು. ಹದಿನೇಳು ಮಂದಿಯೂ ಮನಸಾರೆ ತಿಂದರು, ಕಾಂಚನಾಳೂ ಮಕ್ಕಳೂ ಅವರ ಸಂಗಡ ತಿಂದರು. ಬೆಳಗಿನಿಂದ ಇದೇ ಮೊದಲ ಸಲ ಅವಳು ನಗುವುದು ಅವನಿಗೆ ಕಂಡಿತು. ಅವನೊಬ್ಬನಿಗೆ ಮಾತ್ರ ಒಂದು ಚಮಚ ಗಿರ್ಮಿಟ್ಟಿಗೂ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಬಿಲ್ಲು ಮೂರು ಸಾವಿರದ ನಾನೂರು. ಮುಖದ ಮೇಲೆ ನಗು ಇಟ್ಟುಕೊಂಡೇ ಕೊಟ್ಟ. ಮೂರು ಸಾವಿರ ವಸೂಲಿಗೆಂದು ಬಂದವನು ಅದರ ಮೇಲೆ ಇನ್ನೂ ಮೂರು ಸಾವಿರ ಸುರಿದು ಹೋಗುತ್ತಿದ್ದ. ಮುದಕಪ್ಪನಿಗೆ ಏನು ಹೇಳುವುದೆಂದು ದಾರಿ ಕಾಣಲಿಲ್ಲ.

ವ್ಯಾನಿನವರೆಗೆ ಎಲ್ಲರೂ ಕಳಿಸಲು ಬಂದರು. ತಿಪ್ಪವ್ವ ಕಾಂಚನಾಳಿಗೆ ಕುಂಕುಮ ಹಚ್ಚಿ, ಇಷ್ಟು ಕೈಬಿಚ್ಚಿನ ಗಂಡ ಸಿಗಲು ಪುಣ್ಯ ಮಾಡಿರಬೇಕು ಅಂದಳು. ಕಾಂಚನಾ ಗಂಡನ ಕಡೆ ಹೊಸ ಮನುಷ್ಯನನ್ನು ನೋಡುವ ಹಾಗೆ ನೋಡಿದಳು. ಪರವಾಗಿಲ್ಲ, ಇಷ್ಟಾದರೂ ಬಂತು ಎಂದು ಕೊಟ್ರೇಶ ಉಸಿರು ಬಿಡುವಷ್ಟರಲ್ಲಿ ಸಕ್ರಪ್ಪ ಅವನ ಎರಡೂ ಕೈ ಹಿಡಿದುಕೊಂಡ.

“ಭಾಳ ಖುಷಿ ಆತು ನೋಡ್ರಿ. ಈ ರೆಸಾರ್ಟ್ ನಮ್ಮ ಅಳಿಯ ಕನಕರಾಜಂದ. ನಮಗಿಲ್ಲಿ ಯಾವಾಗ ಬಂದ್ರೂ ಎಲ್ಲಾ ಪುಕ್ಕಟೆ. ಖರೆ, ನಮಗ ಈ ಅಡಿಗಿ ಒಗ್ಗೂದಿಲ್ಲ, ಅದಕ್ಕ ಬುತ್ತಿ ಕಟ್ಕೊಂಡು ಹೊರಗ ಉಣತೀವಿ. ನೀವು ಕರದ್ರಿ ಅಂತ ಒಳಗ ಬಂದ್ವಿ.”

ಕೊಟ್ರೇಶ ಗೇಟಿನ ಕಾವಲುಗಾರನ ಕಡೆ ತಿರುಗಿ ನೋಡಿದ.

“ಅಳಿಯ ಫೋನಿನ್ಯಾಗ ಅಂದ, ಮಾಮಾ, ಆ ಬಿಲ್ ಹರದ ಒಗೀತೇನಿ ಅಂತ. ನಾ ಬೈದೆ. ಬಾಯಿ ತುಂಬ ಕರದ ಮನುಷ್ಯಾನ ಮರ್ಯಾದಿ ತಗೀಬ್ಯಾಡ, ಒಂದು ರೂಪಾಯಿನೂ ಬಿಡದಂಗ ಇಸ್ಕೋ ಅಂತ ಹೇಳೀನಿ. ಬರೋಬ್ಬರಿ ಮಾಡಿದ್ನಿಲ್ಲೋ?”

ಹದಿನೇಳು ಮಂದಿ ಅವನ ಬಾಯಿಯನ್ನೇ ನೋಡುತ್ತಿದ್ದರು, ಕಾಂಚನಾಳೂ ಸಹ. ಕೊಟ್ರೇಶ ಎರಡೂ ಕೈ ಜೋಡಿಸಿದ.

“ಛಲೋ ಮಾಡಿದ್ರಿ ಬಿಡ್ರಿ” ಅಂದ.